ರಾಜರ ಮೀನುಗಾರ ಯಾವೂರವನು?

ನಮ್ಮ ಮನೆತನದಲ್ಲಿ ಮೀನನ್ನು ಕಂಡವರಿದ್ದಾರೆ, ಮುಟ್ಟಿದವರಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿದವರೆಲ್ಲ, ‘ಈ ದುಂಡಪ್ಪನಿಗೆ ಮೀನಿನ ಉಸಾಬರಿ ಯಾಕೆ ಬೇಕಿತ್ತು?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಹೆಂಡತಿ ಹಾಲವ್ವ ಅದನ್ನು ಇವತ್ತಿಗೂ ಕೇಳುತ್ತಾಳೆ, ಅದೂ ನಾನು ಊಟಕ್ಕೆ ಕೂತಾಗ.

ನಾನು ಇಚಲಕರಂಜಿಯಲ್ಲಿ ಅಮೋಲ ಶೇಠರ ಪವರ್‌ಲೂಮ್ ಕಾರಖಾನೆಯಲ್ಲಿ ಬಟ್ಟೆ ತಪಾಸಣೆ ಮಾಡುವವನು. ಮಗ್ಗದಿಂದ ಇಳಿದ ಬಟ್ಟೆಯೆಲ್ಲ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ನೋಡಿ ಗುರುತು ಹಾಕುವುದು ನನ್ನ ಕೆಲಸ. ಅರ್ಧ ಆಯುಷ್ಯ ತಪ್ಪನ್ನೇ ಹುಡುಕಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾವ ಮಾತನ್ನೂ ಖಚಿತವಾಗಿ ಹೇಳಲು ಧೈರ್ಯ ಬರುವುದಿಲ್ಲ. ಬಟ್ಟೆ ಚಲೋ ಐತೇನು ಎಂದು ಶೇಠ್ ಕೇಳಿದರೆ, ‘ಇರಬಹುದು ರೀ’ ಎನ್ನುತ್ತೇನೆ. ಮಗಳು ಹುಟ್ಟಿದಾಗ, ‘ಕೂಸಿನ ಅಪ್ಪ ನೀವೇನ್ರಿ?’ ಎಂದು ನರ್ಸ್‌ಬಾಯಿ ಕೇಳಿದ್ದಕ್ಕೂ ನಾನು ‘ಇರಬಹುದು ರೀ’ ಎಂದೆನಂತೆ. ಹೀಗೆಂದು ನನ್ನ ಹೆಂಡತಿಯ ತಮ್ಮ ಬಸಗೊಂಡ ಕೊಲ್ಹಾಪುರದ ತುಂಬ ಹೇಳಿಕೊಂಡು ತಿರುಗಿದ್ದಾನೆ. ಅದು ಸುಳ್ಳು. ಸುಳ್ಳಿರಬಹುದು.

ಆ ಮಗಳು ರುತುಜಾ ಈಗ ಮದುವೆಗೆ ಬಂದವಳು. ಅವಳನ್ನು ನೋಡಲು ಗಡಹಿಂಗ್ಲಜದಿಂದ ಒಂದು ಮನೆತನ ಬಂತು. ಹುಡುಗ ಅಭಯ, ಅಲ್ಲಿನ ಸಾಲ ಕೊಡುವ ಪತಸಂಸ್ಥೆಯೊಂದರಲ್ಲಿ ನೌಕರಿ. ಹುಡುಗನ ತಂದೆ ಸಿದ್ರಾಮಪ್ಪ ದೊಡ್ಡ ಮೆಣಸಿನಕಾಯಿ ವ್ಯಾಪಾರಿ. ಅವರು ಒಳಗೆ ಬಂದು ಗಾದಿಯ ಮೇಲೆ ಕೂತದ್ದೇ ತಡ, ನಮ್ಮ ಮನೆಯವರೆಲ್ಲ ಸಾಲಾಗಿ ಸೀನಿದೆವು. ಅದು ಅಪಶಕುನವಲ್ಲ, ಅವರ ಅಂಗಿಯ ಘಾಟು. ಜೊತೆಗೆ ಅವರ ತಾಯಿ ಬಾಳವ್ವ ಬಂದಿದ್ದಳು. ಮುದುಕಿ ಎಲೆ ಅಡಿಕೆಯ ಚಂಚಿ ಬಿಚ್ಚಿ ಗೋಡೆಗೆ ಒರಗಿ ಕೂತವಳು ಯಾರ ಮಾತಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ರುತುಜಾ ಪೋಹೆಯ, ಅಂದರೆ ಒಗ್ಗರಣೆ ಅವಲಕ್ಕಿಯ, ತಾಟು ಇಟ್ಟು ಹೋದಳು. ಮಾತು ಮುಂದಕ್ಕೆ ಹೋಗಲೊಲ್ಲದು. ಮಳೆಯ ಬಗ್ಗೆ ಮಾತಾಡಿಯಾಯಿತು, ರಸ್ತೆಯ ಬಗ್ಗೆ ಮಾತಾಡಿಯಾಯಿತು. ಹುಡುಗನ ಹವ್ಯಾಸ ಏನು ಎಂದು ಕೇಳಿದೆ. ಅವನು ನಾಚುತ್ತ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಹಿರಣ್ಯಕೇಶಿ ನದಿಯ ದಂಡೆ, ನೀರೆತ್ತುವ ಪೈಪು, ಅದರ ಮೇಲೆ ಕೂತ ಒಂದು ಸಣ್ಣ ಹಕ್ಕಿ. ಬೆನ್ನು ನೀಲಿ ಎಂದರೆ ಎಂಥ ನೀಲಿ! ನಮ್ಮ ಕಾರಖಾನೆಯಲ್ಲಿ ಅಂಥ ಬಣ್ಣದ ನೂಲು ಒಮ್ಮೆಯೂ ಬಂದಿಲ್ಲ.

“ಇದಕ್ಕ ಇಂಗ್ಲೀಷಿನ್ಯಾಗ ಕಿಂಗ್‌ಫಿಶರ್ ಅಂತಾರ್ರಿ,” ಅಂದ ಅಭಯ.

ಅಡಿಗೆಮನೆಯಲ್ಲಿ ಹಾಲವ್ವನ ಕೈಯ ಸವಟು ಗಕ್ಕನೆ ನಿಂತಿತು. ನಮ್ಮ ಓಣಿಯಲ್ಲಿ ಆ ಹೆಸರು ಬಿಯರ್ ಬಾಟಲಿಯದೆಂದು ಗೊತ್ತು, ಹಕ್ಕಿಯದೆಂದು ಗೊತ್ತಿಲ್ಲ.

“ಹಕ್ಕಿ, ಹಾಲವ್ವಾ, ಹಕ್ಕಿ!” ಎಂದು ನಾನು ಒಳಗೆ ಕೂಗಿ ಹೇಳಿದೆ. ಸವಟು ಮತ್ತೆ ಆಡತೊಡಗಿತು.

ಸಿದ್ರಾಮಪ್ಪನವರು ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು. “ಕಿಂಗ್ ಅಂದ್ರ ರಾಜಾ ಅಲಾ? ಹಕ್ಕಿಗೂ ರಾಜಾಗೂ ಏನ ಸಂಬಂಧ?”

ನಾನು ಸುಮ್ಮನಿರುತ್ತಿದ್ದೆ. ಆದರೆ ಒಳಗಿಂದ ಹಾಲವ್ವನ ದನಿ ಬಂತು. “ನಮ್ಮ ಮನೆಯವರನ್ನ ಕೇಳ್ರಿ. ಇವರು ಕಾರಖಾನಿ ಬಿಟ್ಟ ಮ್ಯಾಲೆ ಸಂಜೀ ಕ್ಲಾಸಿಗೆ ಹೋಗಿ ಇಂಗ್ಲೀಷ ಕಲ್ತಾರ. ಪೇಪರ್ ಓದಿ ಅರ್ಥಾ ಹೇಳತಾರ.”

ಬಂದವರೆಲ್ಲ ನನ್ನ ಕಡೆ ತಿರುಗಿದರು. ಪೋಹೆ ಆರುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

“ಇದು ಎರಡು ಶಬ್ದ ಕೂಡಿಸಿದ ಶಬ್ದ್ರಿ. ಮಗ್ಗದಾಗ ಹಳೇ ಎಳಿ ಮುಗಿದ ಮ್ಯಾಲೆ ಹೊಸಾ ಎಳಿ ತಂದು ಗಂಟ ಹಾಕತೇವಲ್ಲರಿ, ಹಂಗ. ಕಿಂಗ್ ಅಂದ್ರ ರಾಜಾ. ಫಿಶರ್ ಅಂದ್ರ ಮೀನ ಹಿಡಿಯಾಂವ. ರಾಜರ ಮೀನಗಾರ.”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ವಿದ್ವಾಂಸನಾಗಿಯೇ ಉಳಿಯುತ್ತಿದ್ದೆ. ಆದರೆ ಸಿದ್ರಾಮಪ್ಪನವರು, “ಯಾವ ರಾಜಾ?” ಎಂದರು.

ಇದು ಸಂಜೆ ತರಗತಿಯಲ್ಲಿ ಬಂದಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಮಗಳನ್ನು ಕೊಡುವ ದಿನ ಯಾವ ತಂದೆ ಗೊತ್ತಿಲ್ಲ ಎಂದಾನು? “ಹಿಂದಕ ನಮ್ಮ ಕಡೆ ಸಂಸ್ಥಾನ ಇತ್ತಲ್ಲರಿ,” ಎಂದೆ. “ರಾಜರ ಮನಿಗೆ ಮೀನ ಹಿಡಿದು ಕೊಡಾಂವ ಒಬ್ಬಾಂವ ಇದ್ದಿರಬೇಕು. ಅಂವಾ ಹಿಡಿಯೂಮುಂದ ಈ ಹಕ್ಕಿನೂ ಬಾಜೂಕ ಕುಂತು ಹಿಡಿದಿರಬೇಕು. ಯಾವನರೆ ಇಂಗ್ಲೀಷ ಸಾಹೇಬ ಅದನ್ನ ನೋಡಿ ಹೆಸರ ಇಟ್ಟಿರಬೇಕು.”

“ಎಲ್ಲಿ? ನಮ್ಮ ಹಿರಣ್ಯಕೇಶಿ ದಂಡೀಗೆ?”

“ಇರಬಹುದು ರೀ.”

ಸಿದ್ರಾಮಪ್ಪನವರು ತೊಡೆ ತಟ್ಟಿದ ಹೊಡೆತಕ್ಕೆ ತಾಟಿನ ಪೋಹೆ ಹಾರಿತು, ನಾವು ಇನ್ನೊಂದು ಸುತ್ತು ಸೀನಿದೆವು. “ಕೇಳಿದಿ ಏನಬೇ ಅವ್ವಾ? ಇಂಗ್ಲೀಷ ಶಬ್ದ ನಮ್ಮೂರಂದು! ಇಂಥಾ ಶಾಣ್ಯಾ ಬೀಗರು ದೀಪಾ ಹಚ್ಚಿ ಹುಡುಕಿದ್ರೂ ಸಿಗೂದಿಲ್ಲ.”

ಬಾಳವ್ವ ಅವತ್ತು ಮೊದಲ ಸಲ ಬಾಯಿ ತೆರೆದಳು. “ಹುಡುಗಿ ಉಪ್ಪ ಸರೀ ಹಾಕ್ಯಾಳ,” ಅಂದಳು. ಸಂಬಂಧ ಕುದುರಿತು.

ಏಳುವ ಮುಂಚೆ ಮುದುಕಿ ಒಂದು ಮಾತು ಹೇಳಿದಳು. “ಬರೂ ತಿಂಗಳ ಸಾಖರಪುಡಾ ಮಾಡೂಣು. ನಮ್ಮ ಮನ್ಯಾಗ ಒಂದ ಪದ್ಧತಿ ಐತಿ. ಬೀಗರ ಕೈಯಿಂದ ನಮ್ಮ ಮನೀ ಹಿರ್‍ಯಾನ ಬಾಯಿಗೆ ಸಕ್ಕರಿ ಬಿತ್ತಂದ್ರ ಮಾತು ಹಿಂದಕ್ಕ ಬರೂದಿಲ್ಲ. ಬೀಳೂತನಕ ಎಲ್ಲಾ ಬರೇ ಬಾಯಿಮಾತು.”

ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಸಾಖರಪುಡಾ ಎನ್ನುತ್ತಾರೆ. ಗಂಡಿನವರು ಬಣ್ಣದ ಕಾಗದವನ್ನು ಬಾಣದ ಮೊನೆಯ ಹಾಗೆ ಸುತ್ತಿ, ಅದರಲ್ಲಿ ಸಕ್ಕರೆ ತುಂಬಿ, ಜರಿ ಹಚ್ಚಿ ತರುತ್ತಾರೆ. ಅಷ್ಟು ಚೆಂದದ ಪೊಟ್ಟಣದೊಳಗೆ ನನ್ನ ಮಗಳ ಬಾಳು ಇದೆ ಎಂದು ಅವತ್ತು ನನಗೆ ಅನ್ನಿಸಲಿಲ್ಲ.

ನಮ್ಮ ನೆರೆಮನೆಯ ಇಂದುಬಾಯಿ ಪೋಹೆಗೆ ಕೊತ್ತಂಬರಿ ಕೊಡಲು ಬಂದವಳು ಬಾಗಿಲ ಮರೆಯಲ್ಲೇ ನಿಂತಿದ್ದಳು. ಇಂದುಬಾಯಿ ಕೇಳಿದ ಸುದ್ದಿ ನಲ್ಲಿಯ ನೀರಿಗಿಂತ ಮೊದಲು ಓಣಿ ಮುಟ್ಟುತ್ತದೆ. ಮರುದಿನ ನಾನು ಕಾರಖಾನೆಗೆ ಹೋಗುವಷ್ಟರಲ್ಲಿ ಅಮೋಲ ಶೇಠ್ ನನ್ನ ಮೇಜಿನ ಹತ್ತಿರ ಕಾದು ನಿಂತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮಹಾಪಾಲಿಕೆಯ ಚುನಾವಣೆಗೆ ನಿಲ್ಲಬೇಕೆಂಬ ಆಸೆ. ಅದಕ್ಕೆ ದಿನಾ ಬಿಳಿ ಅಂಗಿ ಹಾಕಿ ರೂಢಿ ಮಾಡಿಕೊಳ್ಳುತ್ತಿದ್ದರು.

“ಕಾಯ್ ರೇ ದುಂಡಪ್ಪಾ, ಏನೋ ಇದು! ಇಂಗ್ಲೀಷ ಶಬ್ದ ನಮ್ಮ ಕಡೇದಂತ? ನನಗ ಹೇಳಲೇ ಇಲ್ಲಲ್ಲೋ!”

“ಹಂಗೇನಿಲ್ಲರಿ ಶೇಠ್, ಅದು ಹಿರಣ್ಯಕೇಶಿ—”

“ಹಿರಣ್ಯಕೇಶಿ? ಅಲ್ಲೋ, ಬೂಟ ಹಾಕ್ಕೊಂಡ ಸಾಹೇಬ ಅಷ್ಟ ದೂರ ಹೊಲಾ ತುಳ್ಕೊಂತ ಯಾಕ ಹೋಗ್ತಾನ? ಇಲ್ಲೇ ಪಂಚಗಂಗಾ ಐತಿ. ಘಾಟ ಐತಿ, ಕೂಡಾಕ ಮೆಟ್ಟಲ ಅದಾವು. ಪಂಚಗಂಗಾನ ಇರಬಹುದು. ಹೌದಲ್ಲೊ?”

ಯಜಮಾನರು ಕೇಳಿದ ರೀತಿ ಅದು. ಮೆಟ್ಟಿಲು ಇರುವುದೂ ನಿಜವೇ. “ಇರಬಹುದು ರೀ,” ಎಂದೆ.

ಶೇಠ್ ನನ್ನ ಬೆನ್ನು ಚಪ್ಪರಿಸಿದರು. “ಸಾಖರಪುಡಾ ಎಲ್ಲೂ ಮಾಡಬ್ಯಾಡ. ಕಾರಖಾನೀ ಮ್ಯಾಲಿನ ಹಾಲ್ ನಿನಗ. ಮಂಟಪದ ಖರ್ಚ ನಂದು, ಬೋರ್ಡನೂ ನಂದು.”

ಬೋರ್ಡು ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಸಂಜೆಗೆ ಕೊಲ್ಹಾಪುರದಿಂದ ಬಸಗೊಂಡನ ಫೋನು ಬಂತು. ಅವನು ಅಲ್ಲಿ ಬೆಲ್ಲದ ವ್ಯಾಪಾರಿ. ಬೆಲ್ಲದ ನಡುವೆ ಇದ್ದೂ ಇದ್ದೂ ನಾಲಿಗೆಗೆ ಸಿಹಿ ಸಾಕಾಗಿದೆಯೆಂದು ಕಾಣುತ್ತದೆ.

“ದಾಜೀ, ಗಡಹಿಂಗ್ಲಜದವರಿಗೆ ಏನ ಹೇಳೀರಿ?” ದಾಜೀ ಎಂದರೆ ಅಕ್ಕನ ಗಂಡ.

“ಏನಿಲ್ಲೊ, ಒಂದ ಹಕ್ಕಿ ಸುದ್ದಿ.”

“ರಾಜಾ ಎಲ್ಲಿರ್ತಿದ್ದಾ? ಕೊಲ್ಹಾಪುರದಾಗ. ಅರಮನಿ ಎಲ್ಲೈತಿ? ಕೊಲ್ಹಾಪುರದಾಗ. ಅರಮನಿ ಬಾಜೂಕ ರಂಕಾಳಾದಂಥಾ ಕೆರಿ ಇರೂಮುಂದ ಮೀನ ತಿನ್ನಾಕ ರಾಜಾ ಗಡಹಿಂಗ್ಲಜಕ್ಕ ಎಸ್ಟೀ ಬಸ್ಸಿಗೆ ಹೋಗ್ತಿದ್ದನ?”

ನನ್ನ ಸ್ವಭಾವ ಬದಿಗಿಟ್ಟು ಹೇಳುತ್ತೇನೆ, ಈ ವಾದದಲ್ಲಿ ನನಗೆ ಎಲ್ಲೂ ಎಳೆ ತಪ್ಪಿದ್ದು ಕಾಣಲಿಲ್ಲ.

“ರಂಕಾಳಾ ಹೌದೋ ಅಲ್ಲೋ?” ಎಂದ ಬಸಗೊಂಡ.

“ಇರಬಹುದಪಾ.”

“ಹಂಗಾರ ಮಂದಿ ಮುಂದ ಹಂಗ ಹೇಳ್ರಿ. ಇಲ್ಲಂದ್ರ ನಾ ಬರೂದಿಲ್ಲ. ಸ್ವಾದರಮಾವ ಇಲ್ಲದ ಸಾಖರಪುಡಾ ಹೆಂಗ ಆಗತೈತಿ ನಾನೂ ನೋಡತೇನಿ.”

ಫೋನು ಇಟ್ಟು ತಿರುಗಿದರೆ ರುತುಜಾ ನಿಂತಿದ್ದಳು. ಅವಳು ಅಳುವ ಹುಡುಗಿಯಲ್ಲ. ಅವತ್ತೂ ಅಳಲಿಲ್ಲ. ಅದು ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿತು.

“ಅಪ್ಪಾ, ಗಡಹಿಂಗ್ಲಜಕ್ಕೂ ಇರಬಹುದು ಅಂದ್ರಿ, ಶೇಠಗೂ ಇರಬಹುದು ಅಂದ್ರಿ, ಮಾಮಾಗೂ ಇರಬಹುದು ಅಂದ್ರಿ.”

“ಮೂರೂ ಇರಬಹುದವಾ.”

“ಅಭಯ ಫೋನ ಮಾಡಿದ್ರು. ಅವರಪ್ಪ ಮೆಣಸಿನಕಾಯಿ ಪ್ಯಾಟ್ಯಾಗ ದಿನಾ ಭಾಷಣಾ ಮಾಡಾಕತ್ತಾರಂತ. ಆಜರಾದಿಂದ ಬಂದವರನ್ನ, ಮಹಾಗಾಂವದಿಂದ ಬಂದವರನ್ನ ಹಿಡಿದು ಹಿಡಿದು ಹೇಳತಾರಂತ. ಈಗ ಅಲ್ಲ ಅಂದ್ರ ಅವರ ಮಾರಿ ಎಲ್ಲಿ ಇಡಬೇಕು? ಸಂಬಂಧನ ಬಿಟ್ಟಾರು.” ಅವಳು ಓಢಣಿಯ ಅಂಚು ಬೆರಳಿಗೆ ಸುತ್ತಿದಳು. “ಹಕ್ಕಿ ಯಾರದರೆ ಆಗ್ಲಿ ಅಪ್ಪಾ. ನನಗ ಈ ಹುಡುಗ ಬೇಕು.”

ಅವಳು ಹುಟ್ಟಿದಂದಿನಿಂದ ನನ್ನ ಹತ್ತಿರ ಇದು ಬೇಕು ಎಂದು ಕೇಳಿದ್ದು ಕಡಿಮೆ. ಕೇಳಿದ್ದರೂ ನಾನು ‘ನೋಡೋಣ’ ಎಂದದ್ದೇ ಹೆಚ್ಚು. ಈ ಸಲ ನೋಡಲೇಬೇಕಿತ್ತು. ನಾನು ರಜೆ ಹಾಕಿ, ಹಾತಕಣಂಗಲೆಯ ಮೇಲೆ ಹೋಗುವ ಬಸ್ಸು ಹಿಡಿದು, ಕೊಲ್ಹಾಪುರದ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋದೆ.

ಅಲ್ಲಿಯ ಗ್ರಂಥಪಾಲರು ನನ್ನ ಹಣೆಯ ವಿಭೂತಿ ನೋಡಿ ವಚನಗಳ ಕಪಾಟಿನ ಕಡೆ ಕೈ ಮಾಡಿದರು.

“ಅಲ್ಲರಿ, ನನಗ ಮೀನ ಹಿಡಿಯೂದು ಬೇಕಾಗಿತ್ತು,” ಎಂದೆ.

ಅವರು ಕನ್ನಡಕ ತೆಗೆದು ಮತ್ತೊಮ್ಮೆ ವಿಭೂತಿ ನೋಡಿದರು. “ಎಷ್ಟ ದಿವಸಾತು ಶುರು ಮಾಡಿ?”

“ಹಿಡಿಯೂದಲ್ಲರಿ. ಹಿಡಿಯಾಂವನ ಹೆಸರು. ಅಂವಾ ಮನಶಾ ಅಲ್ಲ, ಹಕ್ಕಿ. ಆದ್ರ ಮೊದಲ ಮನಶಾ ಇದ್ದಿರಬಹುದು.”

ಅವರು ಎದ್ದು ನನಗೊಂದು ಲೋಟ ನೀರು ತಂದುಕೊಟ್ಟರು. ಒಳ್ಳೆಯ ಮನುಷ್ಯರು. ನೀರು ಕುಡಿದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವರಿಗೇ ಕುತೂಹಲ ಹತ್ತಿಬಿಟ್ಟಿತು. ಕೆಳಗಿನ ಕಪಾಟಿನಿಂದ, ಎರಡು ಕೈಯಲ್ಲಿ ಎತ್ತಬೇಕಾದಂಥ ಒಂದು ಇಂಗ್ಲಿಷ್ ನಿಘಂಟು ತಂದು ಧೂಳು ಜಾಡಿಸಿದರು. ಇಬ್ಬರೂ ತಲೆಗೆ ತಲೆ ಹಚ್ಚಿ ಓದಿದೆವು.

ಆ ಪದ ಇಂಗ್ಲೆಂಡಿನದು. ಅದಕ್ಕೆ ಐನೂರು ವರ್ಷದ ಮೇಲಾಗಿದೆ. ಆಗ ಇಲ್ಲಿಗೆ ಇಂಗ್ಲಿಷರು ಬಂದೇ ಇರಲಿಲ್ಲ. ಮೊದಲು ಅವರು ‘ರಾಜನ ಮೀನುಗಾರ’ ಎಂದೇ ಬಿಡಿಸಿ ಹೇಳುತ್ತಿದ್ದರಂತೆ. ಬರಬರುತ್ತ ನಡುವಿನ ಆ ‘ನ’ ಉದುರಿ ಎರಡೂ ಪದ ಒಂದಕ್ಕೊಂದು ಅಂಟಿಕೊಂಡವು. ನಡುವೆ ಒಂದು ಎಳೆ ಬಿಟ್ಟುಹೋಗಿದೆ ಎಂದು ನನಗೆ ನೋಡಿದಾಗಲೇ ಅನ್ನಿಸಿತ್ತು. ಇಷ್ಟು ವರ್ಷ ಬಟ್ಟೆ ನೋಡಿದ ಕಣ್ಣು.

“ಆದ್ರ ರಾಜಾ ಯಾಕ?” ಎಂದೆ. ಈಗ ನನಗೆ ಮೂರು ಊರೂ ಮರೆತುಹೋಗಿದ್ದವು. ನಿಜವಾಗಿ ತಿಳಿಯಬೇಕಾಗಿತ್ತು.

ಗ್ರಂಥಪಾಲರು ಬೆರಳಿಟ್ಟು ಕೊನೆಯ ಸಾಲು ಓದಿದರು. ಕಾರಣ ಸ್ಪಷ್ಟವಿಲ್ಲ ಎಂದಿತ್ತು. ಹೀಗಿರಬಹುದು, ಹಾಗೂ ಇರಬಹುದು ಎಂದಿತ್ತು.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಎರಡು ಕೈಯಲ್ಲಿ ಎತ್ತುವಂಥ ಪುಸ್ತಕ! ಎಷ್ಟು ಮಂದಿ ಪಂಡಿತರು ಕೂತು ಬರೆದದ್ದೋ! ಅದೂ ಕಡೆಗೆ ‘ಇರಬಹುದು’ ಎನ್ನುತ್ತದೆ. ನನಗೆ ಬಂದ ಸಂತೋಷದಲ್ಲಿ ಗ್ರಂಥಪಾಲರ ಕೈ ಹಿಡಿದು ಕುಲುಕಿದೆ. ಹೊರಗೆ ಬಂದು ರಂಕಾಳದ ಕಟ್ಟೆಯ ಮೇಲೆ ಕೂತಾಗ ಆ ಸಂತೋಷ ಇಳಿಯಿತು. ಪುಸ್ತಕಕ್ಕೆ ಮಗಳಿಲ್ಲ, ಬೀಗರಿಲ್ಲ. ಅದು ಏನು ಬೇಕಾದರೂ ಅನ್ನಬಹುದು.

ಅಷ್ಟರಲ್ಲಿ ಎದುರಿನ ತಂತಿಯ ಮೇಲೆ ಅದೇ ಹಕ್ಕಿ ಬಂದು ಕೂತಿತು. ಫೋಟೋದಲ್ಲಿ ನೋಡಿದ್ದಕ್ಕಿಂತ ಚಿಕ್ಕದು, ತಲೆ ಮಾತ್ರ ದೊಡ್ಡದು, ಕುತ್ತಿಗೆಯೇ ಇಲ್ಲ. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಯಾರೋ ಎಸೆದ ಹಾಗೆ ನೀರಿಗೆ ಬಿತ್ತು, ಎದ್ದಿತು, ಕೊಕ್ಕಿನಲ್ಲಿ ಬೆಳ್ಳಗೆ ಏನೋ ಹೊಳೆಯಿತು. ನಾನು ಮುಖ ತಿರುಗಿಸಬೇಕಿತ್ತು, ನಮ್ಮದು ಆ ಮನೆತನ. ತಿರುಗಿಸಲಿಲ್ಲ. ಅದು ಇನ್ನೊಮ್ಮೆ ಬೀಳಲಿ ಎಂದು ಕಾಯುತ್ತ ಕೂತು ಬಸ್ಸು ತಪ್ಪಿಸಿಕೊಂಡೆ.

ಸಾಖರಪುಡಾದ ದಿನ ಬಂತು. ಅಮೋಲ ಶೇಠರ ಹಾಲ್ ಝಗಝಗ ಹೊಳೆಯುತ್ತಿತ್ತು. ಕೆಳಗೆ ಮಗ್ಗಗಳನ್ನು ನಿಲ್ಲಿಸಿದ್ದರು. ಅಷ್ಟು ನಿಶ್ಶಬ್ದವನ್ನು ಇಚಲಕರಂಜಿಯ ಕಿವಿ ಸಹಿಸುವುದಿಲ್ಲ, ಎಲ್ಲರೂ ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಿದ್ದರು. ನಾನು ಬೀಗರನ್ನು ಎದುರುಗೊಳ್ಳಲು ಕೆಳಗಿನ ಬಾಗಿಲಿಗೆ ಹೋದೆ. ಆಗ ಬೋರ್ಡು ಕಂಡಿತು.

ಎರಡಾಳೆತ್ತರದ ಫ್ಲೆಕ್ಸ್. ಒಂದು ಕಡೆ ಆ ನೀಲಿ ಹಕ್ಕಿ, ಇನ್ನೊಂದು ಕಡೆ ಬಿಳಿ ಅಂಗಿಯಲ್ಲಿ ಕೈ ಮುಗಿದ ಅಮೋಲ ಶೇಠ್. ಹಕ್ಕಿಗಿಂತ ಶೇಠ್ ದೊಡ್ಡವರು. ನಡುವೆ ಮರಾಠಿಯಲ್ಲಿ, ‘ಇಂಗ್ರಜಿ ಶಬ್ದಾಚಂ ಮಾಹೇರ — ಆಪಲಂ ಇಚಲಕರಂಜಿ’, ಅಂದರೆ ಇಂಗ್ಲಿಷ್ ಪದದ ತವರುಮನೆ ನಮ್ಮ ಇಚಲಕರಂಜಿ ಎಂದು ಬರೆಸಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಶೋಧಕ: ದುಂಡಪ್ಪ’ ಎಂದಿತ್ತು. ಮದುಮಕ್ಕಳ ಹೆಸರು ಎಲ್ಲೂ ಇರಲಿಲ್ಲ.

ಸಿದ್ರಾಮಪ್ಪನವರು ಬಾಡಿಗೆ ಗಾಡಿಯಿಂದ ಇಳಿದವರು ಅದನ್ನು ಓದಿದರು. ಅವರ ಕೈಯಲ್ಲಿ ಸಕ್ಕರೆಯ ಪೊಟ್ಟಣವಿತ್ತು. ಅದನ್ನು ಎದೆಗೆ ಅವಚಿಕೊಂಡರು.

“ಬೀಗರ, ಇದೇನ್ರಿ?”

“ಬೋರ್ಡರಿ.”

“ಅದು ಕಾಣಸ್ತೈತಿ. ಹಿರಣ್ಯಕೇಶಿ ಎಲ್ಲಿ ಹೋತು?”

ನಾನು ಉತ್ತರ ಕೊಡುವ ಮೊದಲೇ ಶೇಠ್ ಓಡಿ ಬಂದು, “ಯಾ ಯಾ, ಒಳಗ ಬರ್‍ರಿ,” ಎಂದು ಅವರ ತಲೆಗೆ ಒಂದು ಫೇಟಾ ಸುತ್ತಿಸಿಬಿಟ್ಟರು. ತಲೆಗೆ ಫೇಟಾ ಬಿದ್ದ ಮೇಲೆ ನಮ್ಮ ಕಡೆಯ ಮನುಷ್ಯ ತಿರುಗಿ ಹೋಗುವುದು ಕಷ್ಟ. ಸಿದ್ರಾಮಪ್ಪನವರು ಒಳಗೆ ಬಂದರು, ಆದರೆ ಗಾದಿಯ ಮೇಲೆ ಕೂಡಲಿಲ್ಲ. ಹಾಲ್‌ನ ನಡುವೆ ಪೊಟ್ಟಣ ಹಿಡಿದು ನಿಂತರು. ಬಾಳವ್ವ ಮಾತ್ರ ಗೋಡೆ ಹುಡುಕಿ ಒರಗಿ ಕೂತು ಚಂಚಿ ಬಿಚ್ಚಿದಳು. ಅಭಯ ನನ್ನನ್ನು ನೋಡಿದ. ರುತುಜಾ ಹೊಸ ಸೀರೆಯಲ್ಲಿ ಬಾಗಿಲ ಬಳಿ ನಿಂತು ನನ್ನನ್ನು ನೋಡಿದಳು. ಎಲ್ಲರೂ ನನ್ನನ್ನೇ ನೋಡುವ ದಿನ ಅದು.

ಆಗ ಬಸಗೊಂಡ ಬಂದ. ಬರುವುದಿಲ್ಲ ಎಂದವನು ಬಂದ, ಬರಿಗೈಲಿ ಬರಲಿಲ್ಲ. ಬೆಲ್ಲದ ಪೆಟ್ಟಿಗೆ ತಂದಿದ್ದ. ಪೆಟ್ಟಿಗೆಯ ಮೇಲೆ ರಂಕಾಳದ ಚಿತ್ರ, ಚಿತ್ರದ ಮೇಲೆ ನೀಲಿ ಹಕ್ಕಿ.

“ನಮಸ್ಕಾರ್‍ರಿ ಮಂದಿಗೆಲ್ಲಾ. ರಾಜರ ಊರಿಂದ ಬಂದೇನಿ.”

“ರಾಜರ ಊರ ಇದ್ರ ಇರ್‍ಲಿ,” ಎಂದರು ಸಿದ್ರಾಮಪ್ಪನವರು. “ಮೀನಗಾರ ನಮ್ಮೂರಾಂವ.”

“ಮೀನಗಾರಗ ಪಗಾರ ಕೊಡಾವ್ರು ಯಾರ್‍ರಿ? ನಾವು!”

“ಅರೆ, ಘಾಟ ಯಾರದು? ಮೆಟ್ಟಲ ಯಾರದು?” ಎಂದರು ಶೇಠ್.

“ಮೆಟ್ಟಲದ ಮ್ಯಾಲೆ ಅರಿವಿ ಒಗೀತಾರ, ಮೀನ ಹಿಡಿಯೂದಿಲ್ಲ!” ಎಂದರು ಸಿದ್ರಾಮಪ್ಪನವರು. “ಮೀನಕ್ಕ ಹರಿಯೂ ನೀರ ಬೇಕು. ಹಿರಣ್ಯಕೇಶಿದು ಆಜರಾದ ಗುಡ್ಡದ ನೀರು, ಕನ್ನಡೀ ಇದ್ದಂಗ.”

“ಹರಿಯೂ ನೀರಿನ ಮೀನಕ್ಕ ರುಚಿ ಇರೂದಿಲ್ಲರಿ!” ಎಂದು ಬಸಗೊಂಡ ಎದೆ ತಟ್ಟಿದ. “ರಂಕಾಳದ ಮೀನ ತಿಂದ ನೋಡಬೇಕು. ಬಾಯಾಗ ಇಟ್ರ ಕರಗತೈತಿ, ಬೆಣ್ಣಿ!”

ಅಲ್ಲಿದ್ದವರೆಲ್ಲ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಎಲ್ಲರ ಕಣ್ಣೂ ಬಸಗೊಂಡನ ಬಾಯಿಗೆ ನೆಟ್ಟವು.

ಸಿದ್ರಾಮಪ್ಪನವರು ಮೆಲ್ಲಗೆ ಕೇಳಿದರು. “ನಿಮಗ ಹೆಂಗ ಗೊತ್ತರಿ?”

“ಅಂ... ಮಂದಿ ಅಂತಾರ್ರಿ.”

“ಬೆಣ್ಣಿ ಅಂತಾರ?”

“ಬೆಲ್ಲಾ ತಗೊಳ್ಳಾಕ ಬಂದಾವ್ರು ಅಂತಾರ್ರಿ. ನಾ ಕೇಳೇನಿ ಅಷ್ಟ. ಅಕ್ಕಾ, ನೀನರೆ ಹೇಳ!”

ಹಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ನಗುವೋ ದುಃಖವೋ ಗೊತ್ತಾಗಲಿಲ್ಲ. ಹಿಂದೆ ನಿಂತ ಇಂದುಬಾಯಿ ಈ ಮಾತನ್ನು ಬೆಣ್ಣೆಯ ಸಮೇತ ನೆನಪಿನಲ್ಲಿ ಕಟ್ಟಿಟ್ಟುಕೊಂಡದ್ದು ಮಾತ್ರ ನನಗೆ ಕಂಡಿತು.

ಅವಮಾನವಾದ ಬಸಗೊಂಡ ನನ್ನ ಕಡೆ ಬೆರಳು ಮಾಡಿದ. “ದಾಜೀನ್ನ ಕೇಳ್ರಿ! ರಂಕಾಳಾ ಇರಬಹುದು ಅಂತ ಇವರ ಅಂದಾರ.”

“ಇವರು ನನಗ ಹಿರಣ್ಯಕೇಶಿ ಅಂದಾರ!”

“ನನಗ ಪಂಚಗಂಗಾ ಅಂದಾನ!”

ಮೂವರೂ ನನ್ನ ಸುತ್ತ ನಿಂತರು. ಸಿದ್ರಾಮಪ್ಪನವರು ಹಿಚುಕಿದ ಹೊಡೆತಕ್ಕೆ ಪೊಟ್ಟಣದ ಜರಿ ಉದುರುತ್ತಿತ್ತು. ಅವರು ಖಡಾಖಂಡಿತವಾಗಿ ಹೇಳಿದರು. “ಬೀಗರ, ಈಗ ಮಂದಿ ಮುಂದ ಒಂದ ಮಾತು ಹೇಳ್ರಿ. ಇರಬಹುದು ಗಿರಬಹುದು ಬ್ಯಾಡ. ಮೀನಗಾರ ಯಾವೂರಾಂವ? ಸರೀ ಹೇಳಿದ್ರ ಸಕ್ಕರಿ. ಇಲ್ಲಂದ್ರ ಗಾಡಿ ಕೆಳಗ ನಿಂತೈತಿ.”

ನಾನು ರುತುಜಾಳ ಕಡೆ ನೋಡಿದೆ. ಹಿರಣ್ಯಕೇಶಿ ಎಂದುಬಿಟ್ಟರೆ ಮುಗಿಯಿತು. ಶೇಠ್ ನಾಳೆ ಬೈಯುತ್ತಾರೆ, ಬಸಗೊಂಡ ವರ್ಷವಿಡೀ ಬೈಯುತ್ತಾನೆ, ಮದುವೆ ಆಗುತ್ತದೆ. ಹೇಳಲು ಬಾಯಿ ತೆರೆದೂ ತೆರೆದೆ. ಆದರೆ ಬಟ್ಟೆಯಲ್ಲಿ ತೂತು ಇದೆ ಎಂದು ಗೊತ್ತಿದ್ದೂ ಮಡಿಸಿ ಒಳಗೆ ಹಾಕುವುದು ನನ್ನ ಕೈಯಿಂದ ಒಮ್ಮೆಯೂ ಆಗಿಲ್ಲ.

“ಇಂಗ್ಲೆಂಡದಾಂವರಿ,” ಎಂದೆ.

“ಯಾರು?”

“ಮೀನಗಾರ. ಶಬ್ದ ಅಲ್ಲೇ ಹುಟ್ಟೇತಿ. ಇಂಗ್ಲೀಷ ಮಂದಿ ನಮ್ಮ ಕಡೆ ಬರೂಕಿಂತಾ ಭಾಳ ಮೊದಲ. ದೊಡ್ಡ ಡಿಕ್ಷನರಿಯೊಳಗ ನೋಡಿ ಬಂದೇನಿ. ಯಾವ ರಾಜಾ, ಯಾಕ ರಾಜಾ, ಅದು ಅವರಿಗೂ ಗೊತ್ತಿಲ್ಲ. ನಾ ಅವತ್ತ ಅಂದದ್ದು ಬರೇ ಅಂದಾಜ. ಅದರಾಗ ಊರು ಹುಟ್ಟಿಸಿದವರು ನೀವ ಮೂರೂ ಮಂದಿ.”

ಕೊನೆಯ ಮಾತು ಹೇಗೆ ಬಂತೋ ನನಗೆ ತಿಳಿಯದು. ಬಂದದ್ದನ್ನು ಕೇಳಿ ನಾನೇ ಹೆದರಿದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಹೊತ್ತು ಒಬ್ಬರನ್ನೊಬ್ಬರು ನುಂಗುವಂತಿದ್ದವರು ಈಗ ಒಂದಾದರು, ನನ್ನ ವಿರುದ್ಧ. ಬಸಗೊಂಡ, “ಇಂಗ್ಲೆಂಡದವ್ರಿಗೆ ಏನ ತಿಳೀತೈತಿ!” ಎಂದ. ಶೇಠ್, “ಬೋರ್ಡಿಗೆ ರೊಕ್ಕಾ ಹಾಕೇನಿ, ಇಂಗ್ಲೆಂಡ ಅ‍ಂತಾನ!” ಎಂದರು. ಸಿದ್ರಾಮಪ್ಪನವರು ಫೇಟಾ ತೆಗೆದು ಗಾದಿಯ ಮೇಲಿಟ್ಟರು. ಪೊಟ್ಟಣ ಮಾತ್ರ ಕೈಯಲ್ಲೇ ಇತ್ತು. “ಅಭಯಾ, ನಡೀ,” ಎಂದರು.

ಅಭಯ ನಡೆಯಲಿಲ್ಲ. ರುತುಜಾ ಬಾಗಿಲಲ್ಲಿ ನಿಂತಿದ್ದಳು, ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕಿತ್ತು.

ಆ ಹೊತ್ತಿನಲ್ಲಿ ಗೋಡೆಯ ಕಡೆಯಿಂದ ಬಾಳವ್ವನ ದನಿ ಬಂತು. ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಕೇಳಿದಳು.

“ಅದೆಲ್ಲಾ ಇರ್‍ಲಿ. ಆ ಹಕ್ಕಿಗೆ ನಮ್ಮ ಮಂದಿ ಏನ ಅಂತಾರ?”

ಇಡೀ ಹಾಲ್ ಬೆಪ್ಪಾಯಿತು. ಒಂದು ತಿಂಗಳು ಮೂರು ಊರು ಬಡಿದಾಡಿದ್ದವು. ಯಾರೂ ಇದನ್ನು ಕೇಳಿರಲಿಲ್ಲ. ಶೋಧಕ ಎಂದು ಫ್ಲೆಕ್ಸ್ ಮೇಲೆ ಹೆಸರಿದ್ದ ನಾನೂ ಕೇಳಿಕೊಂಡಿರಲಿಲ್ಲ.

ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸರು ಅಲ್ಲಿ ಯಾರೂ ಇರಲಿಲ್ಲ. ಬಸಗೊಂಡ ಬಾಯಿ ತೆರೆದ. ಶೇಠ್ ಬಾಯಿ ತೆರೆದರು. ಸಿದ್ರಾಮಪ್ಪನವರು ಎಲ್ಲರಿಗಿಂತ ಮೊದಲು ಹೇಳಬೇಕೆಂದು ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದರು.

ನಾನು ವಿಚಾರ ಮಾಡಲಿಲ್ಲ. ಮಾಡಿದ್ದರೆ ಆಗುತ್ತಿರಲಿಲ್ಲ. ಕಣ್ಣ ಮುಂದೆ ರಂಕಾಳದ ಆ ಹಕ್ಕಿ ನೀರಿಗೆ ಬಿದ್ದದ್ದು ಬಂತು, ಅಷ್ಟೇ. ಬೀಗರ ಕೈಯಲ್ಲಿದ್ದ ಪೊಟ್ಟಣಕ್ಕೆ ಕೈ ಹಾಕಿ, ಸಿಕ್ಕಷ್ಟು ಸಕ್ಕರೆ ಹಿಡಿದು, ಬೀಗರ ಬಾಯಿಗೆ ಹಾಕಿಬಿಟ್ಟೆ.

ಸಿದ್ರಾಮಪ್ಪನವರು ಗುಟುಕರಿಸಿದರು, ಕೆಮ್ಮಿದರು, ಕಣ್ಣು ಕೆಂಪಗೆ ಮಾಡಿದರು. ಉಗುಳುವಂತಿಲ್ಲ. ಸಾಖರಪುಡಾದ ಸಕ್ಕರೆ ಉಗುಳಿದವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವರು ತಾಯಿಯ ಕಡೆ ನೋಡಿದರು.

“ಬಿತ್ತಲ್ಲಾ,” ಅಂದಳು ಬಾಳವ್ವ. “ಆತು ಇನ್ನ. ಹುಡುಗಿಗೆ ಸೀರಿ ಕೊಡ್ರಿ.”

ಹಾಲವ್ವ ಓಡಿ ಬಂದು ಉಳಿದ ಸಕ್ಕರೆಯನ್ನು ತಮ್ಮನ ಬಾಯಿಗೂ ಶೇಠರ ಬಾಯಿಗೂ ತುಂಬಿದಳು, ಅವು ಇನ್ನೂ ತೆರೆದೇ ಇದ್ದವು. ಯಾರೋ ಚಪ್ಪಾಳೆ ತಟ್ಟಿದರು. ರುತುಜಾ ಅವತ್ತು ಅತ್ತಳು. ಅಭಯ ಅವಳ ಫೋಟೋ ತೆಗೆದ, ಅದು ಮಸುಕಾಗಿ ಬಂತು.

ಸಕ್ಕರೆ ಕರಗಿದ ಮೇಲೆ ವಾದ ಮತ್ತೆ ಶುರುವಾಯಿತು. ಶೇಠ್ ‘ಖಂಡ್ಯಾ’ ಎಂದರು, ಬಸಗೊಂಡ ‘ಧೀವರ’ ಎಂದ, ಸಿದ್ರಾಮಪ್ಪನವರು ‘ಮೀನಗುಬ್ಬಿ’ ಎಂದು ಅಲ್ಲೇ ಒಂದು ಹೆಸರಿಟ್ಟರು. ಮಿಂಚುಳ್ಳಿ ಎಂದು ಯಾವುದೋ ಕನ್ನಡ ಪುಸ್ತಕದಲ್ಲಿ ಓದಿದ್ದೆ ಎಂದು ನನಗೆ ಆಗ ನೆನಪಾಯಿತು. ಹೇಳಲಿಲ್ಲ. ಈಗ ಅದು ಬೀಗರ ನಡುವಿನ ಜಗಳ. ಅಂಥದ್ದೊಂದು ಇರಲೇಬೇಕು, ಇಲ್ಲದಿದ್ದರೆ ಮದುವೆಗೆ ಕಳೆ ಬರುವುದಿಲ್ಲ.

ಊಟದ ಸಾಲಿನಲ್ಲಿ ನಾನು ಬಾಳವ್ವನಿಗೆ ಹೋಳಿಗೆ ಬಡಿಸಲು ಬಾಗಿದಾಗ ತಡೆಯಲಾಗದೆ ಮೆಲ್ಲಗೆ ಕೇಳಿದೆ. “ಅವ್ವಾರ, ಅವರು ಬಾಯಿ ತೆರೀಲಿ ಅಂತ ನೀವು ಬೇಕಂತನ ಕೇಳಿದ್ರೇನ್ರಿ?”

ಮುದುಕಿ ಹೋಳಿಗೆ ಮುರಿದಳು, ತುಪ್ಪದಲ್ಲಿ ಅದ್ದಿದಳು, ಬಾಯಿಗಿಟ್ಟು ಸಾವಕಾಶ ನುಂಗಿದಳು.

“ಇರಬಹುದಪಾ,” ಅಂದಳು.